ಮಂತ್ರಕ್ಕೆ ಮಾವಿನಕಾಯಿ ಉದುರಲು ಬಾಯಿ ತೆರೆಯಲೇಬೇಕೇ?

ಪ್ರಶ್ನೆ: ನಾನು ಸಕಲೇಶಪುರದ ಹತ್ತಿರದ ಕಾಫಿ ತೋಟದವಳು. ಕನ್ನಡದಲ್ಲಿ ಒಂದು ಮಾಯಾಲೋಕದ ಕಾದಂಬರಿ ಬರೆಯುತ್ತಿದ್ದೇನೆ. ಅದರ ನಾಯಕಿ ನೀಲಿ ಮಂತ್ರವಾದಿನಿ. ಶತ್ರುಗಳು ಅವಳ ಬಾಯಿಗೆ ಬಟ್ಟೆ ಬಿಗಿದು, ಕೈ ಕಟ್ಟಿ, ಮಂಜರಾಬಾದ್ ಕೋಟೆಯೊಳಗೆ ಕೂಡಿಹಾಕುತ್ತಾರೆ. ಅವಳು ಮನಸ್ಸಿನಲ್ಲೇ ಮಂತ್ರ ಹೇಳಿಕೊಂಡು ಬಿಡಿಸಿಕೊಳ್ಳುತ್ತಾಳೆ. ಇದೇ ಕಥೆಯನ್ನು ಮಳೆಗಾಲದಲ್ಲಿ ಗೆಳೆಯರ ಜೊತೆ ದಾಳದ ಆಟವಾಗಿಯೂ ಆಡುತ್ತೇವೆ. ಅಲ್ಲಿ ಎಲ್ಲರೂ 'ಇದು ಮೋಸ, ಬಾಯಿ ಕಟ್ಟಿದ ಮೇಲೂ ಮಂತ್ರ ನಡೆಯುವುದಾದರೆ ಕಟ್ಟಿದ್ದೇಕೆ?' ಎಂದು ಜಗಳ ತೆಗೆದರು. ಮೌನವಾಗಿ ಮಂತ್ರ ಪ್ರಯೋಗಿಸುವುದನ್ನು ಒಪ್ಪಬಹುದೇ? ಒಪ್ಪಿದರೆ ಅದರ ನಿಯಮ ಹೇಗಿರಬೇಕು?

ಉತ್ತರ: ಒಪ್ಪಬಹುದು. ಆದರೆ ನಿಮ್ಮ ಗೆಳೆಯರ ಜಗಳದಲ್ಲಿ ಹುರುಳಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಯಿಗೆ ಬಟ್ಟೆ ಬಿಗಿಯುವ ದೃಶ್ಯವನ್ನು ಬರೆದವರು ನೀವೇ. ಶತ್ರುಗಳು ಅಷ್ಟು ಕಷ್ಟಪಟ್ಟು ಬಿಗಿದಿದ್ದಾರೆಂದರೆ, ಆ ಲೋಕದಲ್ಲಿ ಬಾಯಿ ಕಟ್ಟಿದರೆ ಮಂತ್ರ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದಾಯಿತು. ಎರಡು ಪುಟ ಬಿಟ್ಟು 'ಅದೇನೂ ಅಡ್ಡಿಯಾಗಲಿಲ್ಲ' ಎಂದರೆ ಓದುಗ ಪುಸ್ತಕ ಮಡಚಿಡುತ್ತಾನೆ. ಆದ್ದರಿಂದ ಮೌನದ ಮಾತು ಆಮೇಲಾಗಲಿ. ನಿಮ್ಮ ಲೋಕದಲ್ಲಿ ದನಿಗೆ ಏನು ಕೆಲಸ, ಅದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ನಾನು ಕಂಡಂತೆ ದನಿ ಮೂರು ಬಗೆಯಲ್ಲಿ ದುಡಿಯುತ್ತದೆ. ಒಂದು, ಬೀಗದ ಕೈ: ಶಬ್ದವೇ ಶಕ್ತಿ, ಅದು ಸರಿಯಾಗಿ ಹೊರಟರೆ ಮಾತ್ರ ಬಾಗಿಲು ತೆರೆಯುತ್ತದೆ. ಇನ್ನೊಂದು, ಗಂಟೆ: ಕೆಲಸ ಮನಸ್ಸಿನದೇ ಆದರೂ ಬಾಯಿಂದ ಹೊರಡುವ ಸದ್ದು ಎದುರಾಳಿಯನ್ನು ಎಚ್ಚರಿಸುತ್ತದೆ. ಮತ್ತೊಂದು, ಲಗಾಮು: ಶಕ್ತಿ ಒಳಗೆ ಸದಾ ಕುದಿಯುತ್ತಿರುತ್ತದೆ, ಮಾತು ಅದನ್ನು ಹಿಡಿದು ಒಂದು ದಿಕ್ಕಿಗೆ ಓಡಿಸುತ್ತದೆ. ಬೀಗದ ಕೈ ಕಳೆದರೆ ಬಾಗಿಲು ತೆರೆಯದು. ಗಂಟೆ ಕಳಚಿದರೆ ಕಳ್ಳನಿಗೆ ಅನುಕೂಲ. ಲಗಾಮು ಹರಿದರೆ ಸವಾರನಿಗೇ ಆಪತ್ತು. ನೀಲಿ ಮೌನಕ್ಕೆ ತೆರಬೇಕಾದ ಬೆಲೆ ಇವುಗಳಲ್ಲಿ ಯಾವುದನ್ನು ಆರಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ನೀವು ಆಡುವ ಆಟಗಳು ಹೆಚ್ಚಾಗಿ ಗಂಟೆಯ ಪಕ್ಷ. 1974ರಲ್ಲಿ ಮೊದಲು ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಎಲ್ಲ ಆಟಗಳ ತಾಯಿಬೇರು. ಅದರ ಈಗಿನ ನಿಯಮಗಳಲ್ಲಿ ಮಂತ್ರಕ್ಕೆ ಮೂರು ಅಂಗ: ಮಾತು, ಕೈಸನ್ನೆ, ಸಾಮಗ್ರಿ. 'ಸೈಲೆನ್ಸ್' ಎಂಬ ಮಂತ್ರ ಇಪ್ಪತ್ತು ಅಡಿ ತ್ರಿಜ್ಯದ ಗೋಳದೊಳಗೆ ಎಲ್ಲ ಸದ್ದನ್ನೂ ಅಡಗಿಸುತ್ತದೆ. ಅದರೊಳಗೆ ಮಾತು ಬೇಕಾದ ಯಾವ ಮಂತ್ರವೂ ನಡೆಯದು. ಇದಕ್ಕೆ ಪ್ರತಿಯಾಗಿ ಸಾರ್ಸರರ್ ಎಂಬ ಮಾಂತ್ರಿಕ ವರ್ಗದ ಪಾತ್ರಕ್ಕೆ 'ಸಟಲ್ ಸ್ಪೆಲ್' ಎಂಬ ಉಪಾಯವಿದೆ. 2014ರ ಐದನೆಯ ಆವೃತ್ತಿಯಲ್ಲಿ ಮಂತ್ರಶಕ್ತಿಯ ಒಂದೇ ಒಂದು ಅಂಕ ಖರ್ಚು ಮಾಡಿದರೆ ಮಾತೂ ಬೇಡ, ಸನ್ನೆಯೂ ಬೇಡ. ಆದರೆ ಸಾಮಗ್ರಿ ಬೇಕು. ಬೆಂಕಿಯುಂಡೆ ಎಸೆಯುವವನ ಕೈಯಲ್ಲಿ ಬಾವಲಿ ಹಿಕ್ಕೆ, ಗಂಧಕದ ಚಿಟಿಕೆ, ಇಲ್ಲವೇ ಅವುಗಳ ಬದಲಿಗೆ ಮಂತ್ರದಂಡದಂಥ ಸಾಧನ ಇರಲೇಬೇಕು, ಅದನ್ನು ಕಂಡವರು ಎಚ್ಚೆತ್ತುಕೊಳ್ಳಬಹುದು. 2024ರ ಪರಿಷ್ಕರಣೆಯಲ್ಲಿ ಬೆಲೆಬಾಳುವ ಅಥವಾ ಖರ್ಚಾಗಿಹೋಗುವ ವಸ್ತುಗಳನ್ನು ಬಿಟ್ಟು ಉಳಿದ ಸಾಮಗ್ರಿಗೂ ವಿನಾಯಿತಿ ಕೊಟ್ಟರು. ನನಗೆ ಹಳೆಯ ನಿಯಮವೇ ಮೇಲು. ಹಿಕ್ಕೆ ಹಿಡಿದುಕೊಂಡು ಮೌನವಾಗಿ ಕೂತ ಮಾಂತ್ರಿಕನ ಚಿತ್ರದಲ್ಲಿ ಒಂದು ಕಥೆಯಿದೆ. ಏನೂ ಇಲ್ಲದೆ ಸುಮ್ಮನೆ ಕೂತವನಲ್ಲಿ ಏನಿದೆ?

ಈ ಉಪಾಯದ ನಿಜವಾದ ಲಾಭ ಬೇರೆ ಕಡೆಗಿದೆ. 'ಕೌಂಟರ್‌ಸ್ಪೆಲ್' ಎಂಬ ತಡೆಮಂತ್ರವನ್ನು ಹಾಕಬೇಕಾದರೆ ಅರವತ್ತು ಅಡಿಯೊಳಗೆ ಇನ್ನೊಬ್ಬ ಮಂತ್ರ ಹಾಕುತ್ತಿರುವುದು ಕಣ್ಣಿಗೆ ಕಾಣಬೇಕು. ಕಾಣದ್ದನ್ನು ತಡೆಯಲಾಗದು. ಆಟಗಾರರು ಮೌನಕ್ಕಾಗಿ ಅಂಕ ತೆರುವುದು ಇದಕ್ಕೇ. 2000ದ ಮೂರನೆಯ ಆವೃತ್ತಿ ಇನ್ನೂ ಬಿಗಿಯಾಗಿತ್ತು: ಮಾತಿಲ್ಲದೆ ಹಾಕುವ ಮಂತ್ರಕ್ಕೆ ಒಂದು ಮೆಟ್ಟಿಲು ಮೇಲಿನ ಮಂತ್ರದಷ್ಟು ಬೆಲೆ. ಕಂಪ್ಯೂಟರ್ ಆಟಗಳಲ್ಲಿ, 2011ರ ಸ್ಕೈರಿಮ್‌ನಲ್ಲಿ 'ಇಲ್ಯೂಷನ್' ಎಂಬ ಭ್ರಮೆ ಹುಟ್ಟಿಸುವ ವಿದ್ಯೆಯ ಕೌಶಲ ಐವತ್ತು ಮುಟ್ಟಿದರೆ ನಿಮ್ಮ ಮಂತ್ರಗಳ ಸದ್ದು ಬೇರೆಯವರಿಗೆ ಕೇಳಿಸದಂತೆ ಮಾಡಿಕೊಳ್ಳಬಹುದು. ಅಲ್ಲಿಯೂ ಗಂಟೆಯೇ. ಡೋಟಾ 2ರಂಥ ಆಟಗಳಲ್ಲಿ ಮಾತ್ರ 'ಸೈಲೆನ್ಸ್' ಎಂಬ ಪದಕ್ಕೂ ಸದ್ದಿಗೂ ಸಂಬಂಧವೇ ಕಡಿದುಹೋಗಿದೆ. ಬಾಯಿಯೇ ಇಲ್ಲದ ಪ್ರಾಣಿಗೂ ಅದು ತಗಲುತ್ತದೆ, ವಿದ್ಯೆಗಳು ನಿಲ್ಲುತ್ತವೆ, ಚೀಲದ ವಸ್ತುಗಳು ಮಾತ್ರ ನಡೆಯುತ್ತವೆ. ಅವಸರದ ಆಟಕ್ಕೆ ಅದು ಸರಿ, ಕಾದಂಬರಿಗೆ ಪ್ರಯೋಜನವಿಲ್ಲ.

ಹ್ಯಾರಿ ಪಾಟರ್ ಓದಿದ ನಿಮ್ಮ ಗೆಳೆಯರು ಆ ಶಾಲೆಯ ಆರನೆಯ ವರ್ಷದ ಪಾಠವನ್ನು ಎತ್ತಿರಬಹುದು: ಬಾಯಿಬಿಡದೆ ಮಂತ್ರ ಹಾಕಿದರೆ ಎದುರಾಳಿಗೆ ಸುಳಿವು ಸಿಗದು, ಕ್ಷಣಮಾತ್ರದ ಮುನ್ನಡೆ ದೊರೆಯುತ್ತದೆ. ಅದೇ ಕಥೆಯ ಐದನೆಯ ಪುಸ್ತಕದಲ್ಲಿ ಇನ್ನೊಂದು ಎಳೆ ಇದೆ, ಅದನ್ನು ಯಾರೂ ನೆನಪಿಡುವುದಿಲ್ಲ. ದನಿ ಕಟ್ಟಿಹೋದ ಒಬ್ಬ ದುಷ್ಟ ಹಾಕಿದ ಶಾಪ ತಗಲಿ ಹುಡುಗಿ ನೆಲಕ್ಕೆ ಬೀಳುತ್ತಾಳೆ. ಅವನು ಬಾಯಿಬಿಟ್ಟು ಹೇಳಿದ್ದರೆ ಪೆಟ್ಟು ಇನ್ನೂ ಜೋರಾಗಿರುತ್ತಿತ್ತು ಎಂಬ ಮಾತು ಆಮೇಲೆ ಬರುತ್ತದೆ. ಅಂದರೆ ಆ ಲೋಕದಲ್ಲಿ ಮೌನಮಂತ್ರ ಅರೆಬೆಂದದ್ದೂ ಆಗಬಹುದು.

ಇನ್ನು ನಮ್ಮ ಕಡೆಗೆ ಬನ್ನಿ. ಇಲ್ಲಿ ಲೆಕ್ಕ ತಿರುಗುಮುರುಗು. ಜಪದಲ್ಲಿ ಮೂರು ಬಗೆ: ಇತರರಿಗೆ ಕೇಳುವಂತೆ ಹೇಳುವ ವಾಚಿಕ, ತುಟಿ ಮಾತ್ರ ಅಲುಗುವ ಉಪಾಂಶು, ಮನಸ್ಸಿನಲ್ಲೇ ನಡೆಯುವ ಮಾನಸ. ಮನುಸ್ಮೃತಿಯ ಎರಡನೆಯ ಅಧ್ಯಾಯ ಯಜ್ಞಕ್ಕಿಂತ ಜಪ ಹತ್ತು ಪಾಲು ಮೇಲು, ಉಪಾಂಶು ನೂರು ಪಾಲು, ಮಾನಸ ಸಾವಿರ ಪಾಲು ಎನ್ನುತ್ತದೆ. ಅಲ್ಲಿ ಮೌನ ರಿಯಾಯಿತಿಯ ಮಂತ್ರವಲ್ಲ, ಮಂತ್ರದ ತುತ್ತತುದಿ. ಗದ್ದಲವೆಬ್ಬಿಸುವವನನ್ನು ಕಂಡರೆ ನಮ್ಮ ಅಜ್ಜಿಯರು 'ಮಂತ್ರಕ್ಕಿಂತ ಉಗುಳೇ ಹೆಚ್ಚು' ಎಂದು ಮೂಗು ಮುರಿಯುತ್ತಿದ್ದುದೂ ಸುಮ್ಮನಲ್ಲ. ಹಾಗೆಂದು ಹತ್ತು, ನೂರು, ಸಾವಿರವನ್ನು ಆಟದಲ್ಲಿ ಹಾನಿಯ ಅಂಕವಾಗಿ ಇಟ್ಟುಕೊಳ್ಳಬೇಡಿ. ನಮ್ಮ ಚಿಕ್ಕಮಗಳೂರಿನ ಭಾನುವಾರದ ಆಟದಲ್ಲಿ ಒಬ್ಬ ಹುಡುಗ ಹಟ ಹಿಡಿದು ಹಾಗೆಯೇ ಮಾಡಿಸಿದ. ಮೊದಲ ಸರದಿಯಲ್ಲೇ ರಾಕ್ಷಸನೂ ಹೋದ, ರಾಕ್ಷಸನ ಗುಹೆಯೂ ಹೋಯಿತು, ಮಧ್ಯಾಹ್ನವೆಲ್ಲ ಚುರುಮುರಿ ತಿನ್ನುತ್ತ ಕೂತೆವು.

ಆ ಮೂರು ಮೆಟ್ಟಿಲುಗಳನ್ನು ಮಾತ್ರ ಬಿಡಬೇಡಿ. ಇಂಗ್ಲಿಷ್ ಆಟಗಳಲ್ಲಿ ಮಂತ್ರ ಒಂದೋ ಸದ್ದಿನದು, ಇಲ್ಲವೇ ನಿಶ್ಶಬ್ದದ್ದು. ನಡುವಿನ ಉಪಾಂಶುವಿನಲ್ಲಿ ನಾಟಕಕ್ಕೆ ಎಷ್ಟೊಂದು ಜಾಗವಿದೆ ನೋಡಿ! ಕಿವಿಗೆ ಕೇಳದು, ತುಟಿಯ ಚಲನೆ ಬಲ್ಲವನಿಗೆ ಕಾಣುತ್ತದೆ. ಮುಸುಕು ಹಾಕಿದರೆ ಅದೂ ಕಾಣದು. ಕಲಿಕೆಯ ದಾರಿಯೂ ಇದೇ. ಮಕ್ಕಳು ಮೊದಲು ತಮ್ಮಷ್ಟಕ್ಕೆ ಜೋರಾಗಿ ಮಾತಾಡಿಕೊಳ್ಳುತ್ತ ಆಡುತ್ತವೆ, ಆಮೇಲೆ ಗುಣುಗುಟ್ಟುತ್ತವೆ, ಕೊನೆಗೆ ಆ ಮಾತು ಒಳಕ್ಕೆ ಇಳಿಯುತ್ತದೆ. ರಷ್ಯಾದ ಮನಶ್ಶಾಸ್ತ್ರಜ್ಞ ವಿಗೋಟ್‌ಸ್ಕಿ ಇದನ್ನು 1930ರ ದಶಕದಲ್ಲೇ ವಿವರಿಸಿದ. ನೀಲಿಯ ಬಾಲ್ಯದ ಅಧ್ಯಾಯದಲ್ಲಿ ಇದೇ ಏಣಿಯನ್ನು ಹತ್ತಿಸಿ. ಹತ್ತುವುದನ್ನು ಕಂಡ ಓದುಗ ಕೋಟೆಯ ದೃಶ್ಯದಲ್ಲಿ ತಕರಾರು ತೆಗೆಯುವುದಿಲ್ಲ.

ಬೀಗದ ಕೈಗೆ ನಮ್ಮಲ್ಲಿರುವ ದೊಡ್ಡ ದೃಷ್ಟಾಂತ ವೇದಗಳ ದೇವಶಿಲ್ಪಿ ತ್ವಷ್ಟೃವಿನದು. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು 'ಇಂದ್ರಶತ್ರು' ಎಂದು ಆಹುತಿ ಕೊಟ್ಟ. ಸ್ವರ ಒಂದು ಅಕ್ಷರದಿಂದ ಇನ್ನೊಂದಕ್ಕೆ ಜಾರಿತು. 'ಇಂದ್ರನನ್ನು ಕೊಲ್ಲುವವನು' ಹೋಗಿ 'ಇಂದ್ರನಿಂದ ಸಾಯುವವನು' ಆಯಿತು. ಹುಟ್ಟಿದ ವೃತ್ರ ಹಾಗೆಯೇ ಸತ್ತ. ಇಂಥ ಲೋಕದಲ್ಲಿ ಬಾಯಿಗೆ ಬಟ್ಟೆ ಬಿಗಿದರೆ ಆಟ ಮುಗಿಯಿತು, ನೀಲಿಗೆ ಬೇರೆ ದಾರಿ ಹುಡುಕಿ. ಲಗಾಮಿಗೆ ಮಹಾಭಾರತದ ಕೌಶಿಕನ ಕಥೆ. ಮರದ ಕೆಳಗೆ ಕೂತಿದ್ದ ಬ್ರಾಹ್ಮಣನ ಮೇಲೆ ಕೊಕ್ಕರೆ ಹಿಕ್ಕೆ ಹಾಕಿತು. ಸಿಟ್ಟಿನಿಂದ ನೋಡಿದ, ಹಕ್ಕಿ ಸತ್ತುಬಿತ್ತು. ಮಂತ್ರವಿಲ್ಲ, ಸನ್ನೆಯಿಲ್ಲ, ಕೊಲ್ಲಬೇಕೆಂದು ಅವನು ಪೂರ್ತಿ ಬಗೆದೂ ಇರಲಿಲ್ಲ. ಭಿಕ್ಷೆಗೆ ಹೋದ ಮನೆಯಲ್ಲಿ ತಡವಾಯಿತೆಂದು ಕಣ್ಣು ಕೆಕ್ಕರಿಸಿದಾಗ ಗೃಹಿಣಿ 'ನಾನು ಕೊಕ್ಕರೆಯಲ್ಲ' ಎಂದಳು. ಮೌನಮಂತ್ರದ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಥೆ ನನಗೆ ಯಾವ ಭಾಷೆಯಲ್ಲೂ ಸಿಕ್ಕಿಲ್ಲ. ಬಾಯಿಂದ ಹೇಳುವ ಮಂತ್ರದಲ್ಲಿ ಸಿಟ್ಟಿಗೂ ಪೆಟ್ಟಿಗೂ ನಡುವೆ ಒಂದು ಉಸಿರಿನ ಬಿಡುವಿರುತ್ತದೆ. ಮನಸ್ಸಿನ ಮಂತ್ರದಲ್ಲಿ ಅದೂ ಇಲ್ಲ. ಇದರ ಸೌಮ್ಯ ಮುಖ ಬೇಕಾದರೆ ಶೃಂಗೇರಿಯ ಪಕ್ಕದ ಕಿಗ್ಗಕ್ಕೆ ಹೋಗಿ ಬನ್ನಿ. ಅಂಗದೇಶಕ್ಕೆ ಕಾಲಿಟ್ಟದ್ದೇ ತಡ ಮಳೆ ತಂದ ಋಷ್ಯಶೃಂಗನ ಹೆಸರಿನ ದೇವರಿಗೆ ಅಲ್ಲಿ ಇಂದಿಗೂ ಮಳೆಗಾಗಿ ಪೂಜೆ ನಡೆಯುತ್ತದೆ. ಅವನು ಏನನ್ನೂ ಹೇಳಲಿಲ್ಲ, ಸುಮ್ಮನೆ ಬಂದ, ಅಷ್ಟೆ.

ಈಗ ಬೆಲೆಯ ಮಾತು. ಮೌನಕ್ಕೆ ಒಂದು ಅಂಕ ಕಳೆಯುವುದು ಅಂಗಡಿಯ ಲೆಕ್ಕ, ಅದರಲ್ಲಿ ರಸವಿಲ್ಲ. ಬೆಲೆಯನ್ನು ದೇಹದಿಂದ ವಸೂಲು ಮಾಡಿ. ಅದಕ್ಕೆ ನಾಟ್ಯಶಾಸ್ತ್ರ ಒಂದು ಸಿದ್ಧ ಸಾಧನವನ್ನೇ ಕೊಟ್ಟಿದೆ. ಅಭಿನಯ ನಾಲ್ಕು ಬಗೆ: ಮೈಯಿಂದ ಆಂಗಿಕ, ಮಾತಿನಿಂದ ವಾಚಿಕ, ವೇಷಭೂಷಣದಿಂದ ಆಹಾರ್ಯ, ಮನಸ್ಸಿನಿಂದ ಸಾತ್ತ್ವಿಕ. ಸನ್ನೆ, ಮಾತು, ಸಾಮಗ್ರಿ ಎಂಬ ಆ ಅಮೆರಿಕದ ಆಟದ ಮೂರು ಅಂಗಗಳು ಮೊದಲ ಮೂರಕ್ಕೆ ಕೈಗೆ ಕೈ ಕೂಡಿದಂತೆ ಹೊಂದುತ್ತವೆ. ನಾಲ್ಕನೆಯದಕ್ಕೆ ಅವರಲ್ಲಿ ಜೋಡಿಯಿಲ್ಲ. ಸತ್ತ್ವ ಹುಟ್ಟುವುದು ಏಕಾಗ್ರವಾದ ಮನಸ್ಸಿನಿಂದ ಎಂದು ಆ ಗ್ರಂಥ ಹೇಳುತ್ತದೆ. ಮನಸ್ಸು ಬೇರೆಲ್ಲೋ ಇರುವವನಿಗೆ ಕಣ್ಣೀರೂ ಬಾರದು, ಮೈನವಿರೂ ಏಳದು. ನೀಲಿ ಬಾಯಿ, ಕೈ, ಸಾಮಗ್ರಿ ಮೂರನ್ನೂ ಕಳೆದುಕೊಂಡು ಕೂತಿದ್ದಾಳೆ. ಅವಳಲ್ಲಿ ಉಳಿದಿರುವುದು ಈ ನಾಲ್ಕನೆಯದು ಮಾತ್ರ. ಮೂರರ ಭಾರವನ್ನು ಒಂದೇ ಹೊತ್ತರೆ ಅದು ಚರ್ಮದ ಹೊರಗೆ ಕಾಣಿಸಿಕೊಳ್ಳದೆ ಇರುತ್ತದೆಯೇ?

ಸಾತ್ತ್ವಿಕ ಭಾವಗಳು ಎಂಟು. ಎಂಟು ಮುಖದ ದಾಳ ನಿಮ್ಮ ಚೀಲದಲ್ಲಿ ಇದ್ದೇ ಇರುತ್ತದೆ. ಮಂಜರಾಬಾದ್ ಕೋಟೆಯೂ ಎಂಟು ಮೂಲೆಯ ನಕ್ಷತ್ರ; 1792ರಲ್ಲಿ ಟಿಪ್ಪು ಕಟ್ಟಿಸಿ ಮುಗಿಸುವಾಗ ನಮ್ಮ ಆಟ ಅವನ ಮನಸ್ಸಿನಲ್ಲಿರಲಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ನಮ್ಮ ಮೇಜಿನಲ್ಲಿ ಮೌನಮಂತ್ರ ಹಾಕಿದವರು ಆ ದಾಳ ಉರುಳಿಸುತ್ತಾರೆ, ಮಂತ್ರ ಫಲಿಸುತ್ತದೆ, ಜೊತೆಗೆ ದೇಹ ತನ್ನ ಪಾಲು ಕೇಳುತ್ತದೆ. ಒಂದು ಬಿದ್ದರೆ ಸ್ತಂಭ, ಮುಂದಿನ ಸರದಿಯವರೆಗೆ ಮರಗಟ್ಟಿ ನಿಲ್ಲಬೇಕು. ಎರಡಕ್ಕೆ ಸ್ವೇದ, ಕೈ ಬೆವರಿ ಹಿಡಿದದ್ದು ಜಾರುತ್ತದೆ. ಮೂರಕ್ಕೆ ರೋಮಾಂಚ, ಇದನ್ನು ನಾವು ಸ್ವಲ್ಪ ತಿರುಚಿದ್ದೇವೆ, ಸುತ್ತ ಇಪ್ಪತ್ತು ಅಡಿಯೊಳಗಿನ ಎಲ್ಲರ ಮೈನವಿರೂ ಏಳುತ್ತದೆ, ಬೆಕ್ಕಿನದೂ ಸೇರಿ. ನಾಲ್ಕು ಸ್ವರಭೇದ: ಬಯಸದಿದ್ದರೂ ಗಂಟಲಿನಿಂದ ಒಂದು ಒಡಕು ದನಿ ಹೊರಟುಬಿಡುತ್ತದೆ. ಐದು ವೇಪಥು, ನಡುಕ. ಆರು ವೈವರ್ಣ್ಯ, ಮುಖದ ಬಣ್ಣ ಇಳಿದು ಕಂಡವರಿಗೆಲ್ಲ ಗೊತ್ತಾಗುತ್ತದೆ. ಏಳು ಅಶ್ರು, ಕಣ್ಣು ಮಂಜಾಗಿ ಗುರಿ ಪಕ್ಕದವನ ಮೇಲೆ ಹೋಗಬಹುದು. ಎಂಟು ಪ್ರಳಯ. ಹೆಸರಿಗೆ ಬೆಚ್ಚಬೇಡಿ, ನಾಟ್ಯದಲ್ಲಿ ಪ್ರಳಯವೆಂದರೆ ಮೂರ್ಛೆ. ಕೆಲಸ ಆಗುತ್ತದೆ, ಮಾಡಿದವಳು ನೆಲದ ಮೇಲೆ.

ಇದರಿಂದ ನಿಮ್ಮ ಗೆಳೆಯರ ದೂರು ತೀರುತ್ತದೆ. ಮೌನವಾಗಿ ಹಾಕಿದ್ದನ್ನು ತಡೆಯಲು ಅವರಿಗೂ ಒಂದು ಹಿಡಿ ಸಿಕ್ಕಿತು: ಬೆವರು, ಬಿಳಚಿದ ಮುಖ, ಒಡಕು ದನಿ. ಕಾವಲುಗಾರ ಜಾಣನಾದರೆ ಬಾಯಿಯ ಬಟ್ಟೆಯನ್ನು ನೋಡುವುದಿಲ್ಲ, ಹಣೆಯನ್ನು ನೋಡುತ್ತಾನೆ.

ಇನ್ನೂ ಜಾಣನಾದರೆ ಗಂಟಲನ್ನು ಮುಟ್ಟಿ ನೋಡುತ್ತಾನೆ. ಮನಸ್ಸಿನಲ್ಲಿ ಮಾತಾಡಿಕೊಳ್ಳುವಾಗಲೂ ದವಡೆ, ಗಂಟಲುಗಳ ಸ್ನಾಯುಗಳಿಗೆ ಕ್ಷೀಣವಾದ ಸಂಕೇತಗಳು ಹೋಗುತ್ತಿರುತ್ತವೆ. ಅಮೆರಿಕದ ಎಂಐಟಿಯವರು 2018ರಲ್ಲಿ ತೋರಿಸಿದ ಆಲ್ಟರ್‌ಈಗೋ ಎಂಬ ಸಾಧನ ಮುಖಕ್ಕೆ ಅಂಟಿಕೊಂಡು ಈ ಸಂಕೇತಗಳನ್ನೇ ಓದಿ, ಧರಿಸಿದವರು ಬಾಯಿಬಿಡದೆ ಹೇಳಿಕೊಂಡ ಪದಗಳನ್ನು ಗುರುತಿಸುತ್ತಿತ್ತು. ಸ್ನಾಯುಗಳನ್ನು ಕೇಳಿದರೆ ಪೂರ್ತಿ ಮೌನ ಎಂಬುದೇ ಅಪರೂಪ. ಕೈದಿಯ ಕೊರಳ ಮೇಲೆ ಎರಡು ಬೆರಳಿಟ್ಟು ರಾತ್ರಿಯೆಲ್ಲ ಕೂರುವ ಒಬ್ಬ ಮುದುಕನನ್ನು ನಿಮ್ಮ ಕೋಟೆಯೊಳಗೆ ಇಟ್ಟು ನೋಡಿ, ದೃಶ್ಯದ ಬಿಸಿಯೇ ಬೇರೆಯಾಗುತ್ತದೆ.

ಒಂದು ಸಣ್ಣ ಎಚ್ಚರಿಕೆ. ಬಾಯಿ ಕಟ್ಟಿಸಿಕೊಂಡವಳು, ಮೌನವ್ರತ ಹಿಡಿದವಳು, ಹುಟ್ಟಿನಿಂದ ಕಿವಿ ಕೇಳದವಳು, ಈ ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲಿಬ್ಬರ ತಲೆಯೊಳಗೆ ದನಿಯಿದೆ. ಸನ್ನೆ ಭಾಷೆಯಲ್ಲೇ ಬೆಳೆದವಳ ಮನಸ್ಸಿನ ಮಾತು ಕೈಗಳ ಆಕಾರದಲ್ಲಿ ಮೂಡಬಹುದು. ಸನ್ನೆ ಭಾಷೆ ಪೂರ್ತಿ ವ್ಯಾಕರಣವುಳ್ಳ ಭಾಷೆ, ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಮಾತಿನಂತೆ ಅದೂ ಕೆಡುತ್ತದೆ. ಅವಳನ್ನು ತಡೆಯಬೇಕಾದವರು ಬಾಯಿಗೆ ಬಟ್ಟೆ ಕಟ್ಟಿದರೆ ನಗೆಪಾಟಲಾಗುತ್ತಾರೆ.

ನೀವು ಕೇಳದಿದ್ದರೂ ಒಂದನ್ನು ಹೇಳದೆ ಇರಲಾರೆ: ಮಂತ್ರ ಯಾವ ಭಾಷೆಯಲ್ಲಿದೆ? ಬೀಜಾಕ್ಷರಗಳನ್ನು ತಂದರೆ ಮನೆಯ ಪೂಜೆಯ ವಾಸನೆ ಬರುತ್ತದೆ. ಲ್ಯಾಟಿನ್ ಥರದ ಪದಗಳು ಮಲೆನಾಡಿನ ಮಂಜಿನಲ್ಲಿ ಮೂರು ಹೆಜ್ಜೆ ನಡೆಯವು. ಹಳಗನ್ನಡವಿದೆಯಲ್ಲ! ಧಾತುವನ್ನು ಹಾಗೆಯೇ ಉಚ್ಚರಿಸಿದರೆ ಆಜ್ಞೆಯಾಗುತ್ತದೆ, ಮಂತ್ರಕ್ಕೆ ಇನ್ನೇನು ಬೇಕು? ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರೇ ಹಿಂದಿನ ಸೊಸೆವೂರು. ಅಲ್ಲಿ ಹುಲಿ ಮೇಲೆ ಬಿದ್ದಾಗ ಸುದತ್ತ ಮುನಿ 'ಪೊಯ್ ಸಳ' ಎಂದ, ಸಳ ಹೊಡೆದ, ಒಂದು ರಾಜವಂಶಕ್ಕೆ ಹೆಸರಾಯಿತು ಎನ್ನುತ್ತದೆ ಐತಿಹ್ಯ. ಎರಡು ಪದಕ್ಕೆ ಇಷ್ಟು ಫಲ ಕೊಟ್ಟ ಮಂತ್ರ ಬೇರೆ ಯಾವುದಿದೆ?

ನೀಲಿಯ ಗಂಟು ಬಿಚ್ಚುವ ಮಂತ್ರವಾಗಿ 'ಕೞಲ್' ಎಂಬ ಪದವನ್ನು ನಿಮಗೆ ಕೊಡುತ್ತೇನೆ. ಸಡಿಲವಾಗು, ಜಾರಿಬೀಳು ಎಂದು ಅರ್ಥ. ಇಂದಿನ 'ಕಳಚು' ಇದರ ಮೊಮ್ಮಗಳು. ನಡುವಿನ ಅಕ್ಷರವನ್ನು ನೋಡಿ. ೞ ಎಂಬ ಈ ದನಿ ಕನ್ನಡಿಗರ ನಾಲಗೆಯಿಂದ ಎಂದೋ ಹೋಯಿತು. ಹದಿಮೂರನೆಯ ಶತಮಾನದ ಕೇಶಿರಾಜ ಯಾವ ಯಾವ ಪದಗಳಲ್ಲಿ ಅದಿದೆ ಎಂದು ಶಬ್ದಮಣಿದರ್ಪಣದಲ್ಲಿ ಎಣಿಸಿ ಹೇಳಬೇಕಾಯಿತು. ಎಲ್ಲರ ಬಾಯಲ್ಲೂ ಸರಿಯಾಗಿ ಇದ್ದಿದ್ದರೆ ಆ ಪಟ್ಟಿ ಏಕೆ ಬೇಕಿತ್ತು? ಇಂದು ನಾವು ಎಷ್ಟು ತಿಣುಕಿದರೂ ಬಾಯಿಗೆ ಬರುವುದು ಳ ಮಾತ್ರ. ನಾಲಗೆ ತಪ್ಪಿ 'ಕಳ್' ಎಂದರೆ ಹಳಗನ್ನಡದಲ್ಲಿ ಕದಿ ಎಂದಾಗುತ್ತದೆ. ಗಂಟು ಬಿಚ್ಚುವ ಬದಲು ಹಗ್ಗವೇ ಕಳುವಾದೀತು. ಅದೂ ಕೆಲಸಕ್ಕೆ ಬಂದೀತು ಅನ್ನಿ. ಹೀಗಾಗಿ ಆ ಮಂತ್ರವನ್ನು ಬಾಯಲ್ಲಿ ಹೇಳಿದವರೆಲ್ಲ ಕೆಡಿಸುತ್ತಾರೆ. ಮನಸ್ಸಿನಲ್ಲಿ, ಬರೆದ ಅಕ್ಷರವನ್ನೇ ಕಣ್ಣಮುಂದೆ ತಂದುಕೊಂಡು ಹೇಳುವವಳಿಗೆ ಮಾತ್ರ ಅದು ಇಡಿಯಾಗಿ ಒಲಿಯುತ್ತದೆ. ಶತ್ರುಗಳು ಬಾಯಿಗೆ ಬಟ್ಟೆ ಬಿಗಿದು ಅವಳ ತಪ್ಪನ್ನೇ ತಪ್ಪಿಸಿದಂತಾಯಿತು. ತಮಿಳರಿಗೂ ಮಲಯಾಳಿಗಳಿಗೂ ಈ ದನಿ ಸಲೀಸು. ನಿಮ್ಮ ತೋಟದಲ್ಲಿ ತಮಿಳು ಮಾತಾಡುವವರಿದ್ದರೆ 'ಮೞೈ' ಎಂದು ಹೇಳಿಸಿ ಕೇಳಿ. ನಮ್ಮ 'ಮಳೆ' ಒಮ್ಮೆ ಹಾಗೆಯೇ ಕೇಳಿಸುತ್ತಿತ್ತು. ಎರಡನೆಯ ಸಂಪುಟಕ್ಕೆ ಅಲ್ಲೊಂದು ಪಾತ್ರ ಕಾದು ನಿಂತಿದೆ.

ಶಾಸನಗಳನ್ನೂ ಓದಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದು. ದಾನವನ್ನು ಕೆಡಿಸುವವನಿಗೆ ಮಹಾಪಾತಕ ಎಂಬ ಮಾತು ಅದರಲ್ಲೂ ಇದೆ. ಮುಂದಿನ ಶತಮಾನಗಳಲ್ಲಿ ಈ ಶಾಪ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪದವರೆಗೆ ಬೆಳೆಯುತ್ತದೆ. ಕಲ್ಲಿನಲ್ಲಿ ಕೊರೆದ ಶಾಪ ಯಾರ ಗಂಟಲನ್ನೂ ಬೇಡದೆ ಸಾವಿರ ವರ್ಷ ಕಾವಲು ಕಾಯುತ್ತದೆ.

ಬರೀ ಸನ್ನೆಯ ಮಂತ್ರ ಸುರಕ್ಷಿತ ಎಂದು ಮಾತ್ರ ಯಾರಾದರೂ ಹೇಳಿದರೆ ನಂಬಬೇಡಿ. ಕೊಪ್ಪದ ಕಡೆ ಗದ್ದೆಬಯಲಿನಲ್ಲಿ ಬೆಳಗಿನ ಜಾವದವರೆಗೆ ಕೂತು ಮೋಹಿನಿ-ಭಸ್ಮಾಸುರ ನೋಡಿದ್ದೇನೆ. ತಲೆಯ ಮೇಲೆ ಕೈಯಿಟ್ಟರೆ ಸಾಕು, ಬೂದಿ. ಒಂದು ಅಕ್ಷರದ ಮಂತ್ರವೂ ಬೇಡ. ಮೋಹಿನಿ ಅವನೊಡನೆ ವಾದಿಸಲಿಲ್ಲ. ಕುಣಿದಳು, ಕುಣಿಸಿದಳು, ಅವನ ಕೈ ಅವನ ತಲೆಗೇ ಹೋಯಿತು. ಮಾತಿನ ಮಂತ್ರವನ್ನು ನಿದ್ದೆಗಣ್ಣಿನಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ. ಕೈ ಮಾತ್ರ ತಲೆ ಕೆರೆದುಕೊಳ್ಳಲು ತಾನಾಗಿ ಏಳುತ್ತದೆ.

ಆಟದ ಮೇಜಿನ ಒಂದು ತೊಡಕನ್ನೂ ಬಿಡಿಸುತ್ತೇನೆ. ಮೌನಮಂತ್ರದಲ್ಲಿ ನಿಜವಾದ ಮೋಸ ಆಟಗಾರನದೇ. 'ನಾನು ಆಗಲೇ ಮನಸ್ಸಿನಲ್ಲಿ ಹಾಕಿಬಿಟ್ಟಿದ್ದೆ' ಎಂದು ಪೆಟ್ಟು ಬಿದ್ದ ಮೇಲೆ ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಒಮ್ಮೆ ಇದೇ ಮಾತಿಗೆ ನಮ್ಮಲ್ಲಿ ಇಬ್ಬರು ಒಂದು ತಿಂಗಳು ಮುಖ ನೋಡಿಕೊಳ್ಳಲಿಲ್ಲ. ಅಂದಿನಿಂದ ಚೀಟಿಯ ನಿಯಮ ತಂದೆವು. ಮೌನಮಂತ್ರ ಹಾಕುವವರು ತಮ್ಮ ಸರದಿಯಲ್ಲಿ ಅದನ್ನು ಚೀಟಿಯಲ್ಲಿ ಬರೆದು, ಮಡಚಿ, ಕಾಫಿ ಲೋಟದ ಕೆಳಗೆ ಇಡಬೇಕು. ಆಟ ನಡೆಸುವವನನ್ನು ನಾವು ಭಾಗವತ ಎಂದು ಕರೆಯುತ್ತೇವೆ. ಅವನೊಬ್ಬ ಮಾತ್ರ ಅದನ್ನು ಓದಬಹುದು. ಸುಳ್ಳು ಚೀಟಿ ಇಡುವುದಕ್ಕೂ ಅವಕಾಶವಿದೆ, ಸರದಿಯೊಂದು ಹೋಗುತ್ತದೆ ಅಷ್ಟೆ. ಲೋಟ ಅಲುಗಿದರೆ ಸಾಕು, ಎದುರಿನವರ ಮುಖದ ಬಣ್ಣ ಬದಲಾಗುತ್ತದೆ. ವೈವರ್ಣ್ಯಕ್ಕೆ ದಾಳವೇ ಬೇಕಾಗುವುದಿಲ್ಲ.

ಪುಟದ ಮೇಲೆ ಈ ಚೀಟಿಯ ಕೆಲಸವನ್ನು ಯಾರು ಮಾಡಬೇಕು? ಇಂಗ್ಲಿಷ್ ಕಾದಂಬರಿಗಳಲ್ಲಿ ಮನಸ್ಸಿನ ಮಾತನ್ನು ವಾಲಿದ ಅಕ್ಷರಗಳಲ್ಲಿ ಅಚ್ಚಿಸುತ್ತಾರೆ. ಕನ್ನಡ ಅಕ್ಷರ ವಾಲಿಸಿದರೆ ಗಾಳಿಗೆ ಬಾಗಿದ ಬೇಲಿಯಂತೆ ಕಾಣುತ್ತದೆ, ಅದು ಬೇಡ. ನನ್ನ ಸಲಹೆ ಇಷ್ಟು: ಕೋಟೆಯ ದೃಶ್ಯದಲ್ಲಿ ಮಂತ್ರವನ್ನು ಅಚ್ಚಿಸಲೇಬೇಡಿ. ಅದಕ್ಕೆ ಮೊದಲು ಮೂರು ಸಲ ಓದುಗನಿಗೆ ಕೇಳಿಸಿರಿ. ಬಾಲ್ಯದಲ್ಲಿ ಗುರು ಜೋರಾಗಿ ಹೇಳಿ ಕೆಡಿಸಿದ್ದು, ದನದ ಕಣ್ಣಿಯ ಗಂಟಿನ ಮೇಲೆ ನೀಲಿ ಪಿಸುಗುಟ್ಟಿ ಸೋತದ್ದು, ತಾಳೆಗರಿಯ ಮೇಲೆ ೞ ಅಕ್ಷರವನ್ನು ಬೆರಳಿನಿಂದ ತಿದ್ದಿದ್ದು. ಕಾದಂಬರಿ ಓದುವವನು ತುಟಿ ಅಲುಗಿಸದೆ ಓದುತ್ತಿರುತ್ತಾನೆ, ಅವನದೂ ಮಾನಸ ಜಪವೇ. ನಾಲ್ಕನೆಯ ಸಲ ನೀವು ಸುಮ್ಮನಿದ್ದರೆ ಆ ಪದವನ್ನು ಅವನೇ ಹೇಳಿಕೊಳ್ಳುತ್ತಾನೆ. ಅವನಿಗೂ ೞ ಉಚ್ಚರಿಸಲು ಬಾರದು, ನೋಡಲು ಮಾತ್ರ ಬರುತ್ತದೆ.

ಮಂಜನ್ನೂ ಬಳಸಿಕೊಳ್ಳಿ. ಆಷಾಢದ ಬೆಳಗಿನಲ್ಲಿ ಮಂಜರಾಬಾದಿನ ಮೇಲೆ ನಿಂತರೆ ಚಾಚಿದ ಕೈ ಕಾಣುವುದಿಲ್ಲ ಎಂಬುದು ನನಗಿಂತ ನಿಮಗೆ ಗೊತ್ತು. ಅಲ್ಲಿ ಬೆವರು ಕಾಣದು, ಬಿಳಚಿದ ಮುಖ ಕಾಣದು. ಕಾವಲಿನವನಿಗೆ ಉಳಿಯುವುದು ಕಿವಿ, ಮತ್ತು ಕೊರಳ ಮೇಲಿನ ಎರಡು ಬೆರಳು. ಮುದುಕ ಕೆಮ್ಮಲೆಂದು ಒಂದು ಕ್ಷಣ ಕೈ ತೆಗೆಯಲಿ. ಹಗ್ಗ ಜಾರಿ ಕಲ್ಲಿನ ಮೇಲೆ ಬೀಳಲಿ, ಒದ್ದೆ ಹಗ್ಗಕ್ಕೆ ಸದ್ದಿರುವುದಿಲ್ಲ. ಆಮೇಲೆ ದಾಳ ಉರುಳಿಸಿ. ನಾನಾಗಿದ್ದರೆ ಉರುಳಿಸುವುದನ್ನೂ ಬಿಟ್ಟು ನಾಲ್ಕನ್ನೇ ಇಟ್ಟುಕೊಳ್ಳುತ್ತಿದ್ದೆ: ಬಟ್ಟೆಯ ಹಿಂದಿನಿಂದ ಒಂದು ಒಡಕು ದನಿ, ಮಂಜಿನಲ್ಲಿ ಎಂಟು ಮೂಲೆಗಳಿಂದಲೂ 'ಯಾರದು?' ಎಂಬ ಕೂಗು.